ಶಾಲೆಯಲ್ಲಿ ಧ್ವನಿಕಥೆ

“ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು” ಎಂಬುದು ಕನ್ನಡ ನಾಡಿನ ಹಳೆಯ ಗಾದೆ. ಮಾತನಾಡುವಾಗ ಎಚ್ಚರವಿರಬೇಕೆಂಬುದು ಅದರ ಮುಖ್ಯ ತಾತ್ಪರ್ಯ. ಆದರೆ ಅದರಲ್ಲಿ ಇನ್ನೊಂದು ಸತ್ಯವೂ ಅಡಗಿದೆ. ಬರೆದ ಮಾತು ಓಲೆಯಲ್ಲಿಯೋ ಕಾಗದದಲ್ಲಿಯೋ ಉಳಿಯುತ್ತದೆ. ಆಡಿದ ಮಾತು ಆಡಿದ ಕ್ಷಣದಲ್ಲಿಯೇ ಗಾಳಿಯಲ್ಲಿ ಕರಗಿಹೋಗುತ್ತದೆ. ಸಾವಿರಾರು ವರ್ಷಗಳ ಕಾಲ ಮನುಷ್ಯನ ಧ್ವನಿಗೆ ಇದೇ ಗತಿಯಾಗಿದ್ದಿತು. ಪಂಪನ ಕಾವ್ಯ ನಮಗೆ ದೊರೆತಿದೆ. ಅವನ ಕಂಠ ಹೇಗಿದ್ದಿತೆಂಬುದು ಯಾರಿಗೂ ತಿಳಿಯದು.

ಈ ಸ್ಥಿತಿಯನ್ನು ಬದಲಾಯಿಸಿದವನು ಅಮೆರಿಕದ ವಿಜ್ಞಾನಿ ಥಾಮಸ್ ಆಲ್ವ ಎಡಿಸನ್. ಅವನು 1877ರಲ್ಲಿ ಫೋನೋಗ್ರಾಫ್ ಎಂಬ ಯಂತ್ರವನ್ನು ನಿರ್ಮಿಸಿ, ಮಕ್ಕಳ ಪದ್ಯವೊಂದನ್ನು ಅದರ ಮುಂದೆ ನುಡಿದು, ಅದೇ ಧ್ವನಿ ಯಂತ್ರದಿಂದ ಮರಳಿ ಹೊರಡುವಂತೆ ಮಾಡಿದನು. ಅನಂತರ ಗ್ರಾಮಫೋನ್ ತಟ್ಟೆಗಳು ಬಂದುವು. 1902ರಲ್ಲಿ ಭಾರತದ ಗಾಯಕರ ಧ್ವನಿಯೂ ತಟ್ಟೆಗಳಲ್ಲಿ ಅಚ್ಚಾಯಿತು. ತಟ್ಟೆಯ ಹಿಂದೆಯೇ ರೇಡಿಯೋ ಬಂದಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಅದಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಹೆಸರಾಯಿತು. 1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಉತ್ತರ ಕರ್ನಾಟಕದ ಹಳ್ಳಿಗಳಿಗೆ ತಮ್ಮದೇ ಮಾತಿನ ಸೊಗಡುಳ್ಳ ಕಾರ್ಯಕ್ರಮಗಳು ಕೇಳಿಬಂದುವು.

ಶಾಲೆಗಳೂ ಈ ಸಾಧನವನ್ನು ಬಳಸಿಕೊಳ್ಳದೆ ಇರಲಿಲ್ಲ. ಬ್ರಿಟನ್ನಿನಲ್ಲಿ 1924ರಷ್ಟು ಹಿಂದೆಯೇ ಶಾಲಾ ಮಕ್ಕಳಿಗಾಗಿ ಬಾನುಲಿ ಪಾಠಗಳು ಮೊದಲಾದುವು. ಕರ್ನಾಟಕದಲ್ಲಿ ‘ಚಿನ್ನರ ಚುಕ್ಕಿ’, ‘ಕೇಳಿ ಕಲಿ’ ಮೊದಲಾದ ಕಾರ್ಯಕ್ರಮಗಳನ್ನು ಸರಕಾರಿ ಶಾಲೆಗಳ ಮಕ್ಕಳು ರೇಡಿಯೋದ ಸುತ್ತ ಕುಳಿತು ಕೇಳಿದ್ದಾರೆ. ಆದರೆ ಇವುಗಳಲ್ಲೆಲ್ಲ ಧ್ವನಿ ಬರುತ್ತಿದ್ದುದು ದೂರದ ನಗರದಿಂದ. ಕೇಳುವುದು ಮಾತ್ರ ಮಕ್ಕಳ ಪಾಲಿಗೆ ಬಂದ ಕೆಲಸ. ಮಕ್ಕಳೇ ಹೇಳುವವರೂ ಆಗಬಹುದಾದ ಕಾಲ ಬಂದದ್ದು ತೀರ ಈಚೆಗೆ.

ಅಂತರಜಾಲದ ಮೂಲಕ ಧ್ವನಿಯ ಕಾರ್ಯಕ್ರಮಗಳನ್ನು ಹಂಚುವ ಪದ್ಧತಿಗೆ ‘ಪಾಡ್‌ಕಾಸ್ಟ್’ ಎಂದು ಹೆಸರು. ಈ ಪದ ಮೊದಲು ಕಾಣಿಸಿಕೊಂಡದ್ದು 2004ರಲ್ಲಿ, ಬ್ರಿಟನ್ನಿನ ಪತ್ರಿಕೆಯೊಂದರಲ್ಲಿ. ಆಗ ಪ್ರಚಾರದಲ್ಲಿದ್ದ ‘ಐಪಾಡ್’ ಎಂಬ ಕೈಯಂತ್ರದ ಹೆಸರಿನ ಒಂದು ತುಣುಕಿಗೆ, ಬಿತ್ತರಿಸುವುದು ಎಂಬ ಅರ್ಥದ ‘ಬ್ರಾಡ್‌ಕಾಸ್ಟ್’ ಪದದ ಬಾಲವನ್ನು ಜೋಡಿಸಿ ಇದನ್ನು ಕಟ್ಟಿದರು. ‘ಬ್ರಾಡ್‌ಕಾಸ್ಟ್’ ಎಂಬುದಕ್ಕೆ ಮೂಲದಲ್ಲಿ ಬೀಜವನ್ನು ಕೈಯಿಂದ ಎರಚಿ ಬಿತ್ತುವುದು ಎಂಬ ಅರ್ಥವಿದ್ದಿತು. ರೇಡಿಯೋ ಧ್ವನಿಯನ್ನು ಹಾಗೆಯೇ ಎರಚುತ್ತದೆ. ಆ ಗಳಿಗೆಯಲ್ಲಿ ಕಿವಿಗೊಟ್ಟವನಿಗೆ ಅದು ಸಿಕ್ಕಿತು, ಇಲ್ಲದವನಿಗೆ ಇಲ್ಲ. ಪಾಡ್‌ಕಾಸ್ಟ್ ಹಾಗಲ್ಲ. ಹಗೇವಿನಲ್ಲಿ ತುಂಬಿಟ್ಟ ಜೋಳವನ್ನು ಬೇಕೆನಿಸಿದಾಗ ತೆಗೆದುಕೊಳ್ಳುವಂತೆ, ಅದನ್ನು ಬೇಕಾದವರು ಬೇಕಾದಾಗ ತೆಗೆದು ಕೇಳಬಹುದು. ಹೀಗೆ ಮುದ್ರಿಸಿದ ಕಾರ್ಯಕ್ರಮದಲ್ಲಿ ಕಥೆಯಿದ್ದರೆ ಅದು ಧ್ವನಿಕಥೆ. ಇದಕ್ಕೆ ಹಿಂದಿನಂತೆ ದೊಡ್ಡ ಯಂತ್ರಗಳು ಬೇಕಿಲ್ಲ. ಮನೆಯಲ್ಲಿರುವ ಸಾಮಾನ್ಯ ಮೊಬೈಲ್ ಫೋನಿನಲ್ಲಿಯೇ ಧ್ವನಿಯನ್ನು ಮುದ್ರಿಸುವ ವ್ಯವಸ್ಥೆಯಿರುತ್ತದೆ. ಒಂದು ತರಗತಿಗೆ ಒಂದು ಫೋನು ಸಾಕು.

ಸಾಧನವೇನೋ ಸಿಕ್ಕಿತು, ಹೇಳಲು ಕಥೆಯೆಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಕಥೆಗಾಗಿ ದೂರ ಹೋಗಬೇಕಾಗಿಲ್ಲ ಎಂಬುದಕ್ಕೆ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ಸೀಮೆಯನ್ನು ನಿದರ್ಶನವಾಗಿ ನೋಡಬಹುದು. ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳನ್ನು ಕೂಡಿಸಿಕೊಳ್ಳುವ ಘಟಪ್ರಭೆಯು ಈ ಸೀಮೆಯ ಜೀವನದಿ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಆ ನದಿಗೆ ಅಣೆಕಟ್ಟು ಕಟ್ಟಿದೆ. ಗೋಕಾಕದ ಬಳಿ ಅದು ಸುಮಾರು 52 ಮೀಟರ್ ಆಳಕ್ಕೆ ಧುಮುಕುತ್ತದೆ. ಜಲಪಾತದ ದಡದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನೂಲಿನ ಗಿರಣಿ ತಲೆಯೆತ್ತಿತು. 1887ರಲ್ಲಿಯೇ ಅಲ್ಲಿ ನೀರಿನ ಬಲದಿಂದ ವಿದ್ಯುತ್ತನ್ನು ಉತ್ಪಾದಿಸಿದರು. ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳಿವೆ. ಅದೇ ತಾಲ್ಲೂಕಿನಲ್ಲಿ ಹಳ್ಳಿಗರೇ ಸದಸ್ಯರಾಗಿರುವ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೊಂದು 1969ರಲ್ಲಿ ಹುಟ್ಟಿಕೊಂಡಿತು. ಮೊದಲು ಗೋಕಾಕ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ಮೂಡಲಗಿಯ ಸುತ್ತಲಿನ ನೆಲ ಶ್ರೀಕೃಷ್ಣ ಪಾರಿಜಾತ ಬಯಲಾಟದ ತವರು. ಕುಲಗೋಡ ತಮ್ಮಣ್ಣನ ಹೆಸರನ್ನೂ ಕೌಜಲಗಿ ನಿಂಗಮ್ಮನ ಹೆಸರನ್ನೂ ಬಿಟ್ಟು ಆ ಆಟದ ಇತಿಹಾಸವನ್ನು ಹೇಳುವಂತಿಲ್ಲ. ‘ಆನಂದಕಂದ’ರೆಂದು ಹೆಸರಾದ ಬೆಟಗೇರಿ ಕೃಷ್ಣಶರ್ಮರು (1900–1982) ಹುಟ್ಟಿದ್ದು ಗೋಕಾಕ ಸೀಮೆಯ ಬೆಟಗೇರಿಯಲ್ಲಿ, ಕಾದಂಬರಿಕಾರ ಬಸವರಾಜ ಕಟ್ಟೀಮನಿಯವರು (1919–1989) ಹುಟ್ಟಿದ್ದು ಮಲಾಮರಡಿಯಲ್ಲಿ. ಗೋಕಾಕದ ಕರದಂಟು, ಅಲ್ಲಿನ ಕುಶಲಕರ್ಮಿಗಳು ಮಾಡುವ ಬಣ್ಣದ ಗೊಂಬೆಗಳು ನಾಡಿಗೆಲ್ಲ ಪರಿಚಿತವಾಗಿವೆ.

ಇವು ಪುಸ್ತಕಗಳಲ್ಲಿ ದೊರೆಯುವ ಸಂಗತಿಗಳು. ಪುಸ್ತಕಗಳಲ್ಲಿ ದೊರೆಯದ ಸಂಗತಿಗಳು ಮನೆಮನೆಯ ಹಿರಿಯರ ನೆನಪಿನಲ್ಲಿವೆ. ಗಿರಣಿಯ ಭೋಂಗಾ ಕೂಗಿದಾಗ ಮನೆಯ ಒಲೆಯ ಮುಂದೆ ಏನು ನಡೆಯುತ್ತಿದ್ದಿತು? ಮನೆಗೆ ಮೊದಲ ಸಲ ವಿದ್ಯುದ್ದೀಪ ಬಂದ ರಾತ್ರಿ ಹೇಗಿದ್ದಿತು? ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರು ಮನೆದೇವರನ್ನು ಹೇಗೆ ಹೊತ್ತು ತಂದರು? ಬೀಸುವ ಕಲ್ಲಿನ ಮುಂದೆ ಅವ್ವ ಹಾಡಿದ ಹಾಡುಗಳೆಷ್ಟು? 2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣದ ಓಣಿಗಳಿಗೂ ದಂಡೆಯ ಹಳ್ಳಿಗಳಿಗೂ ನುಗ್ಗಿದಾಗ ದನಕರುಗಳನ್ನು ಉಳಿಸಿದ್ದು ಹೇಗೆ? ಇಂಥ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಒಬ್ಬ ಹಿರಿಯರು ಅಗಲಿದಾಗ ಅವರ ನೆನಪೂ ಅವರೊಡನೆಯೇ ಹೋಗುತ್ತದೆ. ಆದುದರಿಂದ ಧ್ವನಿಕಥೆಯ ಕೆಲಸವನ್ನು ಬರಿಯ ವಿನೋದವೆಂದು ಎಣಿಸಲಾಗದು. ಅದನ್ನು ನಾಳೆಗೆ ಮುಂದೂಡುವಂತೆಯೂ ಇಲ್ಲ.

ಧ್ವನಿಕಥೆಯನ್ನು ಮಾಡುವ ವಿಧಾನ ಕಷ್ಟದ್ದಲ್ಲ. ಆದರೆ ಅದಕ್ಕೊಂದು ಕ್ರಮವಿದೆ. ಮೊದಲು ಹತ್ತು ನಿಮಿಷದೊಳಗೆ ಹೇಳಿ ಮುಗಿಸಬಹುದಾದ ಒಂದು ವಿಷಯವನ್ನು ಆರಿಸಿಕೊಳ್ಳಬೇಕು. ‘ಘಟಪ್ರಭೆಯ ಇತಿಹಾಸ’ ಎಂಬುದು ತೀರ ದೊಡ್ಡ ವಿಷಯ. ‘ನೆರೆ ಬಂದ ರಾತ್ರಿ ನಮ್ಮ ಓಣಿ’ ಎಂಬುದು ತಕ್ಕ ವಿಷಯ. ಅನಂತರ ತರಗತಿಯನ್ನು ತಂಡಗಳಾಗಿ ಹಂಚಬೇಕು. ಹಿರಿಯರನ್ನು ಕಂಡು ಮಾತನಾಡಿಸುವವರು, ಕಥೆಯನ್ನು ಬರೆಯುವವರು, ಓದುವವರು, ಸದ್ದುಗಳನ್ನು ಒದಗಿಸುವವರು, ಮುದ್ರಿಸಿದ್ದನ್ನು ಜೋಡಿಸುವವರು ಹೀಗೆ ಒಬ್ಬೊಬ್ಬರಿಗೂ ಒಂದು ಹೊಣೆ ದೊರೆಯುತ್ತದೆ. ಬರವಣಿಗೆಯಲ್ಲಿ ಹಿಂದುಳಿದ ವಿದ್ಯಾರ್ಥಿಯು ಮಾತುಗಾರಿಕೆಯಲ್ಲಿ ಮುಂದಿರಬಹುದು. ಮಾತನಾಡಲು ಅಂಜುವವಳು ಸದ್ದುಗಳನ್ನು ಗುರುತಿಸುವುದರಲ್ಲಿ ಜಾಣೆಯಾಗಿರಬಹುದು. ಕಿವಿ ಮಂದವಾದವರೂ ಹೊರಗುಳಿಯಬೇಕಾಗಿಲ್ಲ. ಬರಹವನ್ನು ತಿದ್ದುವ ಕೆಲಸವೂ, ಕಂಪ್ಯೂಟರಿನ ಪರದೆಯ ಮೇಲೆ ಅಲೆಗಳಂತೆ ಕಾಣುವ ಧ್ವನಿಯನ್ನು ಕತ್ತರಿಸುವ ಕೆಲಸವೂ ಅವರಿಗೆ ಒಪ್ಪುತ್ತವೆ.

ಹಿರಿಯರನ್ನು ಮಾತನಾಡಿಸುವುದು ಒಂದು ಕಲೆ. ಮೊದಲು ಅವರ ಒಪ್ಪಿಗೆಯನ್ನು ಕೇಳಬೇಕು. ಮುದ್ರಿಸಿದ್ದನ್ನು ಯಾರು ಯಾರು ಕೇಳುವರೆಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಬೇಕು. “ನೀರು ಬಂದಾಗ ನಿಮಗ ಅಂಜಿಕಿ ಆಗಿತ್ತೇನ್ರಿ ಅಜ್ಜಾರ?” ಎಂದು ಕೇಳಿದರೆ “ಹೌದು” ಎಂಬ ಒಂದೇ ಪದದ ಉತ್ತರ ಬಂದೀತು. “ಅಜ್ಜಾರ, ಆ ರಾತ್ರಿ ನೀರು ಎಲ್ಲೀತನಕ ಬಂದಿತ್ರಿ? ಮೊದಲ ಯಾರು ನೋಡಿದ್ರು?” ಎಂದು ಕೇಳಿದರೆ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಹೇಳುವವರು ನಡುವೆ ಸುಮ್ಮನಾದರೆ ಅವಸರಪಟ್ಟು ಮುಂದಿನ ಪ್ರಶ್ನೆಯನ್ನು ಎಸೆಯಬಾರದು. ಆ ಮೌನದ ಆಚೆಗೇ ಮುಖ್ಯವಾದ ಮಾತು ಇರುವುದುಂಟು. ದುಃಖದ ಸಂಗತಿಯನ್ನು ಹೇಳಲು ಅವರಿಗೆ ಮನಸ್ಸಿಲ್ಲದಿದ್ದರೆ ಅಲ್ಲಿಗೇ ನಿಲ್ಲಿಸುವುದು ಸೌಜನ್ಯ.

ಧ್ವನಿಯನ್ನು ಚೆನ್ನಾಗಿ ಮುದ್ರಿಸಲು ವಿಜ್ಞಾನದ ಪಾಠ ನೆರವಿಗೆ ಬರುತ್ತದೆ. ಗಾಳಿಯಲ್ಲಿ ಧ್ವನಿಯು ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಚಲಿಸುತ್ತದೆ. ಪ್ರತಿಧ್ವನಿಯು ಬೇರೆಯಾಗಿ ಕೇಳಬೇಕಾದರೆ ಎದುರಿನ ಗೋಡೆ ಸುಮಾರು 17 ಮೀಟರ್ ದೂರದಲ್ಲಿರಬೇಕು. ತರಗತಿಯ ಗೋಡೆಗಳು ಅದಕ್ಕಿಂತ ಹತ್ತಿರವಾಗಿರುವುದರಿಂದ ಅವುಗಳಿಗೆ ಬಡಿದು ಮರಳಿದ ಧ್ವನಿಯು ಮೂಲ ಧ್ವನಿಯೊಡನೆ ಬೆರೆತು ಮಾತು ಮಸುಕಾಗುತ್ತದೆ. ಇದಕ್ಕೆ ಉಪಾಯ ಸುಲಭ. ಮನೆಯಿಂದ ತಂದ ನಾಲ್ಕಾರು ಕೌದಿಗಳನ್ನು ಓದುವವನ ಸುತ್ತ ತೂಗುಹಾಕಿದರೆ, ಅವು ಧ್ವನಿಯನ್ನು ಹೀರಿಕೊಂಡು ಮಾತನ್ನು ಸ್ಪಷ್ಟಗೊಳಿಸುತ್ತವೆ. ದೂರ ಎರಡರಷ್ಟಾದರೆ ಧ್ವನಿಯ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದುದರಿಂದ ಫೋನನ್ನು ಬಾಯಿಂದ ಒಂದು ಗೇಣಿನಷ್ಟು ದೂರದಲ್ಲಿ ಹಿಡಿಯುವುದು ಲೇಸು. ನೇರವಾಗಿ ಮುಂದೆ ಹಿಡಿದರೆ ಪ, ಫ, ಬ, ಭ ಅಕ್ಷರಗಳ ಉಸಿರು ರಭಸದಿಂದ ತಾಗಿ ಸಿಡಿದಂತೆ ಕೇಳಿಸುತ್ತದೆ. ತುಸು ಓರೆಯಾಗಿ ಹಿಡಿದರೆ ಆ ದೋಷ ತಪ್ಪುತ್ತದೆ. ಮುದ್ರಿಸುವ ಮೊದಲು ಕರೆಗಳು ಬಾರದಂತೆ ಫೋನನ್ನು ಅಣಿಗೊಳಿಸಬೇಕು. ಪಂಖವನ್ನು ನಿಲ್ಲಿಸಬೇಕು, ಹತ್ತಿರದಲ್ಲಿ ಹಿಟ್ಟಿನ ಗಿರಣಿಯೋ ಮಗ್ಗವೋ ಸದ್ದು ಮಾಡುತ್ತಿದ್ದರೆ ಅದು ನಿಲ್ಲುವ ಹೊತ್ತನ್ನು ಕಾಯಬೇಕು. ಯಾರೂ ಮಾತನಾಡದ ಅರ್ಧ ನಿಮಿಷದ ನಿಶ್ಶಬ್ದವನ್ನೂ ಆ ಸ್ಥಳದಲ್ಲಿ ಮುದ್ರಿಸಿಕೊಳ್ಳಬೇಕು. ಪ್ರತಿಯೊಂದು ಸ್ಥಳದ ನಿಶ್ಶಬ್ದಕ್ಕೂ ಅದರದೇ ಆದ ಸಣ್ಣ ಸದ್ದು ಇರುತ್ತದೆ. ಮುಂದೆ ಮಾತಿನ ತುಣುಕುಗಳನ್ನು ಜೋಡಿಸುವಾಗ ನಡುವಣ ಬಿರುಕನ್ನು ಮುಚ್ಚಲು ಅದು ಬೇಕಾಗುತ್ತದೆ.

ಕಿವಿಗಾಗಿ ಬರೆಯುವುದು ಕಣ್ಣಿಗಾಗಿ ಬರೆಯುವುದಕ್ಕಿಂತ ಬೇರೆ. ಪುಸ್ತಕವನ್ನು ಓದುವವನು ಅರ್ಥವಾಗದ ಸಾಲಿಗೆ ಹಿಂದಿರುಗುತ್ತಾನೆ. ಕೇಳುವವನು ಮುಂದೆ ಸಾಗುತ್ತಲೇ ಇರುತ್ತಾನೆ. ಆದಕಾರಣ ವಾಕ್ಯಗಳು ಚಿಕ್ಕವಾಗಿರಬೇಕು. ಒಂದೇ ಉಸಿರಿನಲ್ಲಿ ನಾಲ್ಕು ಹೆಸರುಗಳನ್ನೂ ಆರು ಇಸವಿಗಳನ್ನೂ ಹೇಳಬಾರದು. ಬರೆದುದನ್ನು ಗಡಿಯಾರ ಹಿಡಿದು ಗಟ್ಟಿಯಾಗಿ ಓದಿ ನೋಡಬೇಕು. ಓದುವವಳು ನಿಮಿಷಕ್ಕೆ ತೊಂಬತ್ತು ಪದಗಳನ್ನು ಓದುವಳಾದರೆ, ಐದು ನಿಮಿಷದ ಕಥನಕ್ಕೆ ನಾನೂರೈವತ್ತು ಪದಗಳಿಗಿಂತ ಹೆಚ್ಚು ಹಿಡಿಸವು. ಉಳಿದ ಕಾಲವನ್ನು ಹಿರಿಯರ ಮಾತಿಗೂ ಸದ್ದುಗಳಿಗೂ ಬಿಡಬೇಕು.

ಸದ್ದುಗಳು ಧ್ವನಿಕಥೆಯ ಚಿತ್ರಗಳು. “ಮಳೆ ಸುರಿಯುತ್ತಿದ್ದಿತು” ಎಂದು ಹೇಳುವ ಬದಲು ಮಳೆಯನ್ನೇ ಕೇಳಿಸಬಹುದು. ಮೊರದಲ್ಲಿ ಜೋಳವನ್ನು ಮೆಲ್ಲಗೆ ಆಡಿಸಿದರೆ ಮಳೆಯ ಸದ್ದು ಹುಟ್ಟುತ್ತದೆ. ತೆಂಗಿನ ಚಿಪ್ಪುಗಳನ್ನು ಒಂದಕ್ಕೊಂದು ತಟ್ಟಿದರೆ ಕುದುರೆ ಓಡುತ್ತದೆ. ತೆಳುವಾದ ಕಾಗದವನ್ನು ಹಿಸುಕಿದರೆ ಬೆಂಕಿ ಚಟಪಟಗುಟ್ಟುತ್ತದೆ. ರೊಟ್ಟಿ ಬಡಿಯುವ ಸದ್ದು, ಸಂತೆಯ ಕೂಗು, ಜಲಪಾತದ ಮೊರೆತ ಇವುಗಳನ್ನು ಆಯಾ ಸ್ಥಳದಲ್ಲಿಯೇ ಮುದ್ರಿಸಿ ತರಬಹುದು. ನೀರಿನ ಸದ್ದಿಗಾಗಿ ಹೋಗುವಾಗ ಶಿಕ್ಷಕರು ಜೊತೆಯಲ್ಲಿರಬೇಕು. ತುಂಬಿ ಹರಿಯುವ ನದಿಯ ಅಂಚಿಗೆ ಯಾರೂ ಹೋಗಬಾರದು. ಸದ್ದು ಊಟಕ್ಕೆ ಉಪ್ಪಿನಂತೆ. ಹೆಚ್ಚಾದರೆ ಕಥೆ ಕೆಡುತ್ತದೆ.

ಮುದ್ರಿಸಿದ ತುಣುಕುಗಳನ್ನು ಕತ್ತರಿಸಿ ಜೋಡಿಸುವುದಕ್ಕೆ ಸಂಕಲನವೆಂದು ಹೆಸರು. ಇದಕ್ಕಾಗಿ ‘ಆಡಾಸಿಟಿ’ ಎಂಬ ತಂತ್ರಾಂಶ 2000ರಿಂದಲೂ ಬೆಲೆಯಿಲ್ಲದೆ ದೊರೆಯುತ್ತಿದೆ; ಶಾಲೆಯ ಹಳೆಯ ಕಂಪ್ಯೂಟರಿನಲ್ಲಿಯೂ ಅದು ಕೆಲಸ ಮಾಡಬಲ್ಲದು. ಒಂದು ಸಾಲಿನಲ್ಲಿ ಮಾತು, ಅದರ ಕೆಳಗಿನ ಸಾಲಿನಲ್ಲಿ ಸದ್ದು, ಹೀಗೆ ಪದರಪದರವಾಗಿ ಜೋಡಿಸಿ ಒಂದಾಗಿ ಹೆಣೆಯಬಹುದು. ಈ ಹಂತದಲ್ಲಿ ಕೈಚಳಕಕ್ಕಿಂತ ಪ್ರಾಮಾಣಿಕತೆ ಹೆಚ್ಚು ಮುಖ್ಯ. “ಆ ರಾತ್ರಿ ನಮ್ಮ ಸಹಾಯಕ್ಕ ಯಾರೂ ಬರಲಿಲ್ಲ, ಬೆಳಗಾದ ಮ್ಯಾಲೆ ಬಾಜೂ ಊರಿನವರು ಬುತ್ತಿ ಕಟಗೊಂಡು ಬಂದ್ರು” ಎಂದು ಅಜ್ಜಿಯೊಬ್ಬರು ಹೇಳಿದರೆನ್ನಿ. ಮೊದಲರ್ಧವನ್ನು ಮಾತ್ರ ಉಳಿಸಿದರೆ ಕಥೆ ಕೇಳುವವರ ಮನಸ್ಸನ್ನು ಹೆಚ್ಚು ಕಲಕೀತು; ಆದರೆ ಅದು ಸುಳ್ಳಾಗುತ್ತದೆ. ಪ್ರತಿಯೊಂದು ಪದವೂ ಅಜ್ಜಿಯದೇ, ಧ್ವನಿಯೂ ಅಜ್ಜಿಯದೇ. ಸುಳ್ಳು ಮಾತ್ರ ಕತ್ತರಿಸಿದವನದು. ಕಿವಿ ಕೇಳಿದ್ದನ್ನು ಮನಸ್ಸು ಬೇಗ ನಂಬುತ್ತದೆ. 1938ರಲ್ಲಿ ಅಮೆರಿಕದ ರೇಡಿಯೋ ಒಂದು ನಾಟಕವನ್ನು ಸುದ್ದಿಯ ರೀತಿಯಲ್ಲಿ ಪ್ರಸಾರ ಮಾಡಿದಾಗ, ಮಂಗಳ ಗ್ರಹದವರು ಭೂಮಿಯ ಮೇಲೆ ದಾಳಿಯಿಟ್ಟರೆಂದು ನಿಜವಾಗಿಯೇ ನಂಬಿ ಗಾಬರಿಗೊಂಡವರಿದ್ದರು. ಆದುದರಿಂದ ಕಲ್ಪಿಸಿದ ಕಥೆಯಾದರೆ ಕಲ್ಪಿತವೆಂದೂ, ನಡೆದ ಸಂಗತಿಯಾದರೆ ಯಾರು ಹೇಳಿದ್ದೆಂದೂ ಕೇಳುವವರಿಗೆ ತಿಳಿಸಬೇಕು.

ಈ ಕೆಲಸದಿಂದ ದೊರೆಯುವ ಇನ್ನೊಂದು ಲಾಭ ಭಾಷೆಗೆ ಸಂಬಂಧಿಸಿದ್ದು. ಗಡಿಗೆ ಸಮೀಪವಾದ ಈ ಮೂರು ತಾಲ್ಲೂಕುಗಳಲ್ಲಿ ಕನ್ನಡದೊಡನೆ ಮರಾಠಿಯೂ ಉರ್ದುವೂ ಮನೆಮಾತುಗಳಾಗಿವೆ. ಕನ್ನಡವನ್ನೇ ಆಡುವ ಮನೆಯ ಮಗುವಿಗೂ ಶಾಲೆಯ ಪುಸ್ತಕದ ಕನ್ನಡ ತುಸು ದೂರದ್ದೆಂದು ತೋರುತ್ತದೆ. “ನಮ್ಮ ಮಾತು ಪುಸ್ತಕದ ಮಾತಿನ್ಹಂಗ ಇಲ್ಲ” ಎಂಬ ಸಂಕೋಚದಿಂದ ಎಷ್ಟೋ ವಿದ್ಯಾರ್ಥಿಗಳು ತರಗತಿಯಲ್ಲಿ ಬಾಯಿ ಬಿಡುವುದೇ ಇಲ್ಲ. ಧ್ವನಿಕಥೆಯಲ್ಲಿ ಎರಡು ಬಗೆಯ ಕನ್ನಡಕ್ಕೂ ಸ್ಥಾನವಿದೆ. ಕಥೆಯನ್ನು ನಿರೂಪಿಸುವವರು ಶಿಷ್ಟಭಾಷೆಯನ್ನು ಸ್ಪಷ್ಟವಾದ ಉಚ್ಚಾರಣೆಯೊಡನೆ ನುಡಿಯುತ್ತಾರೆ. ಅದರ ನಡುವೆ ಅಜ್ಜ, ಅಜ್ಜಿ, ಕಾಕಾ, ಚಿಗವ್ವಂದಿರ ಮಾತು ಹಾಗೆಹಾಗೆಯೇ ಬರುತ್ತದೆ. ಒಂದನ್ನು ಕಲಿಯಲು ಇನ್ನೊಂದನ್ನು ಮರೆಯಬೇಕಿಲ್ಲವೆಂಬುದು ಆಗ ಮಕ್ಕಳಿಗೆ ಉಪದೇಶವಿಲ್ಲದೆಯೇ ಮನದಟ್ಟಾಗುತ್ತದೆ. ತನ್ನ ಮನೆಯ ಮಾತು ಇಡೀ ಶಾಲೆ ಕಿವಿಗೊಟ್ಟು ಕೇಳುವಷ್ಟು ಬೆಲೆಯುಳ್ಳದ್ದೆಂದು ಅರಿತ ಮಗು ಮರುದಿನ ತರಗತಿಯಲ್ಲಿ ಕೈಯೆತ್ತಲು ಅಂಜುವುದಿಲ್ಲ.

ಸಿದ್ಧವಾದ ಧ್ವನಿಕಥೆಯನ್ನು ಮೊದಲು ಕೇಳಬೇಕಾದವರು ಅದನ್ನು ಹೇಳಿದ ಹಿರಿಯರು. ತಪ್ಪಿದ್ದರೆ ಅವರು ತಿದ್ದುತ್ತಾರೆ. ಬೇಡವೆಂದ ಭಾಗವನ್ನು ತೆಗೆಯಬೇಕು. ಅನಂತರ ಶಾಲೆಯ ಪ್ರಾರ್ಥನಾ ಸಭೆಯಲ್ಲಿ, ಪಾಲಕರ ಸಭೆಯಲ್ಲಿ ಅದನ್ನು ಕೇಳಿಸಬಹುದು. ಕೋಲಾರ ಜಿಲ್ಲೆಯ ಬೂದಿಕೋಟೆಯ ಗ್ರಾಮಸ್ಥರು 2001ರಲ್ಲಿ ‘ನಮ್ಮ ಧ್ವನಿ’ ಎಂಬ ಕೇಂದ್ರವನ್ನು ಕಟ್ಟಿಕೊಂಡು, ತಮ್ಮ ಕಾರ್ಯಕ್ರಮಗಳನ್ನು ತಂತಿಯ ಮೂಲಕ ಊರಿಗೆ ಕೇಳಿಸಿದರು. ಈಗ ಬೆಳಗಾವಿಯಲ್ಲಿಯೂ ‘ವೇಣುಧ್ವನಿ’ ಎಂಬ ಸಮುದಾಯ ಬಾನುಲಿಯಿದೆ. ಅಂತರಜಾಲದಲ್ಲಿ ಹಂಚುವುದಾದರೆ ಮುಖ್ಯೋಪಾಧ್ಯಾಯರ ಮತ್ತು ಪಾಲಕರ ಅನುಮತಿ ಪಡೆಯಬೇಕು. ಮಕ್ಕಳ ಪೂರ್ಣ ಹೆಸರು, ಮನೆಯ ವಿಳಾಸಗಳನ್ನು ಹೇಳಬಾರದು. ಇನ್ನೊಬ್ಬರ ಸ್ವತ್ತಾದ ಚಲನಚಿತ್ರ ಗೀತೆಗಳನ್ನು ಬಳಸಬಾರದು. ಪ್ರತಿಯೊಂದು ಧ್ವನಿಕಥೆಯ ಮೇಲೆ ದಿನಾಂಕ, ಊರು, ವಿಷಯ ಇವುಗಳನ್ನು ನಮೂದಿಸಿ, ಎರಡು ಪ್ರತಿಗಳನ್ನು ಎರಡು ಬೇರೆ ಸ್ಥಳಗಳಲ್ಲಿ ಇಡಬೇಕು. ಒಂದೇ ಯಂತ್ರವನ್ನು ನಂಬಿ ಇಟ್ಟದ್ದು ಆ ಯಂತ್ರದೊಡನೆಯೇ ಹಾಳಾಗಬಹುದು.

ಇಷ್ಟೆಲ್ಲ ಮಾಡುತ್ತ ಕುಳಿತರೆ ಪಾಠಗಳು ಹಿಂದೆ ಬೀಳುವುವಲ್ಲವೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ಕೇಳುವಾಗ ಸಮಾಜ ವಿಜ್ಞಾನ, ಬರೆದು ತಿದ್ದುವಾಗ ಭಾಷೆ, ಕೌದಿ ಕಟ್ಟುವಾಗ ಭೌತಶಾಸ್ತ್ರ, ಕಾಲವನ್ನು ಅಳೆಯುವಾಗ ಗಣಿತ ಹೀಗೆ ಪಾಠಗಳೇ ಅದರಲ್ಲಿ ಹೆಣೆದುಕೊಂಡಿರುತ್ತವೆ. ತಿಂಗಳಿಗೆ ಒಂದು ಧ್ವನಿಕಥೆಯನ್ನು ಮಾಡಿದರೂ ವರ್ಷದ ಕೊನೆಗೆ ಶಾಲೆಯಲ್ಲಿ ಹತ್ತು ಹಿರಿಯರ ನೆನಪು ಅವರದೇ ಧ್ವನಿಯಲ್ಲಿ ಉಳಿದಿರುತ್ತದೆ. ಹತ್ತು ವರ್ಷಗಳಲ್ಲಿ ಅದು ಆ ಊರಿನ ಚರಿತ್ರೆಯೇ ಆದೀತು. ಆ ಚರಿತ್ರೆಯನ್ನು ಬರೆಯಲು ದೂರದ ವಿದ್ವಾಂಸರು ಬರಲೆಂದು ಕಾಯಬೇಕಾಗಿಲ್ಲ. ಊರಿನ ಮಕ್ಕಳು ಮನೆಯ ಪಡಸಾಲೆಯಲ್ಲಿ ಅಜ್ಜಿಯ ಎದುರು ಕುಳಿತು, “ಆಮ್ಯಾಲ ಏನಾತು, ಹೇಳ ಆಯಿ” ಎಂದು ಕೇಳಿ, ಉತ್ತರ ಮುಗಿಯುವವರೆಗೂ ತಾಳ್ಮೆಯಿಂದ ಆಲಿಸಿದರೆ ಸಾಕು.